ಕೌದಿಯ ಚಿಂದಿ, ಮೂರು ಭಾನುವಾರ, ನಾಲ್ಕು ಗೊಂಬೆ

ಮೊದಲ ಭಾನುವಾರ

ಅತ್ತೆಯವರು ಕೌದಿ ಹೊಲಿದು ಮುಗಿಸಿದ ಮೇಲೆ ಒಂದು ಚೀಲ ಚಿಂದಿ ಉಳಿಯಿತು. ಮಾವನವರ ಧೋತರ, ಸವೆದ ಇಳಕಲ್ ಸೀರೆ, ಮಕ್ಕಳಿಗೆ ಚಿಕ್ಕದಾದ ಅಂಗಿಗಳು. ಧಾರವಾಡದ ನಮ್ಮ ಪಡಸಾಲೆಯಲ್ಲಿ ಅದನ್ನೆಲ್ಲ ಸುರುವಿ, ಎಂಟು ವರ್ಷದ ಮಗಳನ್ನೂ ಮೈದುನನ ಐದು ವರ್ಷದ ಮಗನನ್ನೂ ಕೂರಿಸಿಕೊಂಡೆ. ಗೊಂಬೆ ಮಾಡಲು ಸೂಜಿ ಬೇಡ, ಗಂಟು ಸಾಕು ಎಂದು ತೀರ್ಮಾನಿಸಿದೆವು. ಎರಡು ಗೇಣಿನ ಚೌಕದ ನಡುವೆ ನಿಂಬೆಹಣ್ಣಿನಷ್ಟು ಚಿಂದಿಯ ಉಂಡೆ ಇಟ್ಟು, ಕೆಳಗೆ ದಾರ ಬಿಗಿದರೆ ತಲೆ. ಎದುರುಬದುರು ಮೂಲೆಗಳಿಗೆ ಗಂಟು ಹಾಕಿದರೆ ಕೈ. ಉಳಿದದ್ದೆಲ್ಲ ಲಂಗ.

ಮಗಳಿಗೆ ಸೀರೆಯ ಕೆಂಪು ಸೆರಗೇ ಬೇಕಿತ್ತು. ಎಷ್ಟು ಬಿಗಿದರೂ ಕೈ ಬಿಚ್ಚಿಕೊಳ್ಳುತ್ತಿತ್ತು, ಅವಳ ಕಣ್ಣಲ್ಲಿ ನೀರು. ಆಗ ಅತ್ತೆಯವರು ಅವಳ ಬೆರಳು ಹಿಡಿದು ಒಡಲೂ ಸೆರಗೂ ಸೇರುವ ಗೆರೆಯ ಮೇಲೆ ಆಡಿಸಿದರು. "ಇಲ್ಲಿವರೆಗೆ ಹತ್ತಿ, ಇಲ್ಲಿಂದಾಚೆ ರೇಷ್ಮೆ. ಮಗ್ಗದ ಮೇಲೆಯೇ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ರೇಷ್ಮೆ ಜಾರುತ್ತದೆ, ಗಂಟು ನಿಲ್ಲುವುದಿಲ್ಲ." ನೂರು ಸಲ ಉಟ್ಟ ಸೀರೆಯಲ್ಲಿ ಆ ಗೆರೆಯನ್ನು ನಾನು ನೋಡಿಯೇ ಇರಲಿಲ್ಲ. ಒಡಲಿನ ಬಟ್ಟೆ ಗೊಂಬೆಯ ಮೈಯಾಯಿತು, ಸೆರಗು ಮೇಲುಹೊದಿಕೆಯಾಯಿತು.

ಎರಡನೆಯ ಭಾನುವಾರ

ಮುಖದ ಸರದಿ. ಹುಡುಗ ಸ್ಕೆಚ್ ಪೆನ್ನಿನಿಂದ ಕಣ್ಣು ಬರೆದ. ತೊಳೆದು ತೊಳೆದು ಮೆತ್ತಗಾದ ಧೋತರದಲ್ಲಿ ಶಾಯಿ ಹರಡಿ ಕಣ್ಣು ಕೆನ್ನೆಗಿಳಿಯಿತು. ಮಧ್ಯಾಹ್ನ ಅನ್ನ ಬಸಿದ ಗಂಜಿಯನ್ನು ಬೇರೊಂದು ತುಂಡಿಗೆ ತೆಳುವಾಗಿ ಸವರಿ ಬಿಸಿಲಿಗೆ ಹಾಕಿದೆ. ಸಂಜೆ ಅದರ ಮೇಲೆ ಎಳೆದ ಗೆರೆ ಹೆಚ್ಚುಕಡಿಮೆ ಎಳೆದಲ್ಲಿಯೇ ನಿಂತಿತು. ಮುಖವನ್ನು ಮೊದಲು ಬರೆದು, ಆಮೇಲೆ ಉಂಡೆ ತುಂಬಿ ಕಟ್ಟಬೇಕೆಂಬುದೂ ಗೊತ್ತಾಯಿತು. ಗುಂಡಿಯ ಕಣ್ಣು ಬೇಡವೆಂದೆ. ಪಕ್ಕದ ಮನೆಯ ಕೂಸು ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತದೆ.

ಕೂದಲಿಗೆ ಹರಿದ ಸ್ವೆಟರಿನ ಉಲ್ಲನ್. ಜಡೆ ಹೆಣೆಯುವುದರಲ್ಲೇ ಒಂದು ಗಂಟೆ ಕಳೆಯಿತು. ಹುಡುಗ ಮೂರೆಳೆಯ ಜಡೆ ಕಲಿತದ್ದು ನನಗೆ ಇಡೀ ತಿಂಗಳಿನ ದೊಡ್ಡ ಸಂತೋಷ.

ಮೂರನೆಯ ಭಾನುವಾರ

ಗೊಂಬೆಗಳು ಕೂರುತ್ತಿರಲಿಲ್ಲ, ತಲೆಯ ಭಾರಕ್ಕೆ ಮಗುಚುತ್ತಿದ್ದವು. ಲಂಗದೊಳಗೆ ಜೋಳ ತುಂಬೋಣವೆಂದಳು ಮಗಳು. ನುಸಿ ಹಿಡಿಯುತ್ತದೆಂದು ಅತ್ತೆ ಒಪ್ಪಲಿಲ್ಲ. ಚೌಕಾಬಾರಕ್ಕೆಂದು ಡಬ್ಬಿಯಲ್ಲಿ ಕೂಡಿಟ್ಟ ಹುಣಸೆಬೀಜ ನೆನಪಾಯಿತು. ಎರಡು ಹಿಡಿ ಬೀಜವನ್ನು ಗಟ್ಟಿ ಬಟ್ಟೆಯಲ್ಲಿ ಕಟ್ಟಿ, ಲಂಗದ ಅಡಿಗೆ ಸೇರಿಸಿ, ಅಂಚನ್ನು ನಾನೇ ಒತ್ತೊತ್ತಾಗಿ ಹೊಲಿದೆ. ಈಗ ಕೂರುತ್ತದೆ, ಅಲುಗಿಸಿದರೆ ಗಲಗಲ ಎನ್ನುತ್ತದೆ.

ನಾಲ್ಕು ಮುಗಿದಿವೆ. ಐದನೆಯದು ಮಾವನವರಂತೆ ರುಮಾಲು ಸುತ್ತಿದ ಅಜ್ಜನಾಗಬೇಕಂತೆ. ರುಮಾಲಿಗೆ ತಕ್ಕ ಉದ್ದನೆಯ ಪಟ್ಟಿ ಚೀಲದಲ್ಲಿಲ್ಲ. ಸೆರಗಿನ ಉಳಿದ ತುಂಡನ್ನು ಮಗಳು ದಿಂಬಿನಡಿ ಇಟ್ಟುಕೊಂಡಿದ್ದಾಳೆ, ಕೇಳಬೇಕು.