ತಾಯಿ ಕಾರ್ಡಿನಲ್ಲಿ ಬರೆಯದೇ ಉಳಿಯುವ ಒಂದು ಸಾಲು

ಬಸುರಿ ಮೊದಲ ಸಲ ದವಾಖಾನೆಗೆ ಬಂದಾಗ ತೂಕ, ಬಿಪಿ, ಹಿಮೋಗ್ಲೋಬಿನ್, ಶುಗರ್ ಎಲ್ಲವೂ ತಾಯಿ ಕಾರ್ಡಿಗೆ ಏರುತ್ತವೆ. ಕುಡಿತದ ಮಾತು ಮಾತ್ರ ಬಹಳಷ್ಟು ಕಡೆ ಬರುವುದೇ ಇಲ್ಲ. ‘ನಮ್ಮ ಕಡೆ ಹೆಣ್ಮಕ್ಕಳು ಎಲ್ಲಿ ಕುಡೀತಾರ್ರಿ’ ಅಂತ ಕೇಳಬೇಕಾದವರೇ ತೀರ್ಮಾನ ಮಾಡಿಬಿಟ್ಟಿರುತ್ತಾರೆ. ಹುಬ್ಬಳ್ಳಿ ಕೇಶ್ವಾಪುರದ ಅಪಾರ್ಟ್‌ಮೆಂಟಿನಲ್ಲಿ ಶನಿವಾರ ಸಂಜೆ ತೆಗೆಯುವ ಬಿಯರೂ ಕುಡಿತವೇ, ಹೊಲದ ಕೆಲಸ ಮುಗಿಸಿ ಮೈಕೈ ನೋವಿಗೆ ಅಂತ ಹರಿಯುವ 90 ಎಂಎಲ್ ಸಾರಾಯಿ ಪ್ಯಾಕೆಟ್ಟೂ ಕುಡಿತವೇ. ಬಸುರಿನಲ್ಲಿ ಕುಡಿದರೆ ಹೊಟ್ಟೆಯ ಮಗುವಿನ ಮಿದುಳಿಗೆ ಪೆಟ್ಟು ಬೀಳಬಹುದು. ಕೇಳದೆ ಬಿಟ್ಟ ಪ್ರಶ್ನೆ ಏಳೆಂಟು ವರ್ಷ ಬಿಟ್ಟು ಶಾಲೆಯಲ್ಲಿ ಎದುರಾಗುತ್ತದೆ, ಆಗ ಉತ್ತರ ಕೊಡುವವರು ಸಿಗುವುದಿಲ್ಲ.

ತಾಯಿಯ ರಕ್ತದಲ್ಲಿರುವ ಮದ್ಯಸಾರವನ್ನು ಮಾಸು ತಡೆಯುವುದಿಲ್ಲ. ಸ್ವಲ್ಪ ಹೊತ್ತಿನಲ್ಲೇ ಮಗುವಿನ ರಕ್ತದಲ್ಲೂ ಹೆಚ್ಚುಕಡಿಮೆ ಅಷ್ಟೇ ಪ್ರಮಾಣ ಇರುತ್ತದೆ. ಅದನ್ನು ಕರಗಿಸುವ ಕಿಣ್ವ ಮಗುವಿನ ಲಿವರ್‌ನಲ್ಲಿ ತೀರಾ ಕಡಿಮೆ. ಒಂದಷ್ಟು ಗರ್ಭನೀರಿಗೆ ಸೇರುತ್ತದೆ, ಮಗು ಅದೇ ನೀರನ್ನು ಮತ್ತೆ ನುಂಗುತ್ತದೆ. ಹೀಗಾಗಿ ತಾಯಿಗೆ ನಿಶೆ ಇಳಿದ ಮೇಲೂ ಒಳಗಿನ ಮಗು ಇನ್ನೂ ಅದರಲ್ಲೇ ಇರುತ್ತದೆ.

‘ಎಷ್ಟು ತನಕ ನಡೀತದ?’ ಅಂತ ಕೇಳುವವರಿಗೆ ಕೊಡಲು ಸುರಕ್ಷಿತ ಅಂತ ಸಾಬೀತಾದ ಅಳತೆಯೇ ಇಲ್ಲ. ಆದರೂ ಲೆಕ್ಕ ಗೊತ್ತಿರಲಿ. ಒಂದು ಪೆಗ್, ಅಂದರೆ 30 ಎಂಎಲ್ ವಿಸ್ಕಿ ಅಥವಾ ಬ್ರಾಂಡಿಯಲ್ಲಿ ಸುಮಾರು 10 ಗ್ರಾಂ ಮದ್ಯಸಾರ, 90ರ ಪ್ಯಾಕೆಟ್‌ನಲ್ಲಿ 30 ಗ್ರಾಂ, 180 ಎಂಎಲ್ ಕ್ವಾರ್ಟರ್‌ನಲ್ಲಿ 60. ‘ಬಿಯರ್ ಅಲ್ಲೇನ್ರಿ’ ಅನ್ನುವ 650 ಎಂಎಲ್ ಬಾಟಲಿ ಶೇಕಡಾ 8ರ ಸ್ಟ್ರಾಂಗ್ ಆಗಿದ್ದರೆ 40 ಗ್ರಾಂ ದಾಟುತ್ತದೆ, ಅಂದರೆ ನಾಲ್ಕು ಪೆಗ್. ವಾರವಿಡೀ ಬಿಟ್ಟು ಒಂದೇ ಕೂತಿಗೆ ಅಷ್ಟನ್ನೂ ಕುಡಿಯುವುದು ಹೆಚ್ಚು ಕೆಟ್ಟದ್ದು, ರಕ್ತದ ಮಟ್ಟ ಒಮ್ಮೆಲೇ ಏರುವುದೇ ಮಿದುಳಿನ ಕೋಶಗಳನ್ನು ಹೊಡೆಯುವುದು. ಆಯುರ್ವೇದದ ಅರಿಷ್ಟಗಳನ್ನೂ ಮರೆಯಬೇಡಿ. ದ್ರಾಕ್ಷಾರಿಷ್ಟದಂಥವು ಹುಳಿ ಬಂದು ತಯಾರಾಗುವಾಗ ತಾವೇ ಮದ್ಯಸಾರ ಹುಟ್ಟಿಸಿಕೊಳ್ಳುತ್ತವೆ, ಸಾಮಾನ್ಯವಾಗಿ ಶೇಕಡಾ 5ರಿಂದ 10. ಶೇಕಡಾ 10 ಇದ್ದದ್ದನ್ನು ದಿನಕ್ಕೆರಡು ಸಲ 30 ಎಂಎಲ್ ಕುಡಿದರೆ ಅರ್ಧ ಪೆಗ್ ಹತ್ತಿರ ಹೋಯಿತು. ಟಾನಿಕ್ ಅಂತ ನಂಬುವ ಮುಂಚೆ ಬಾಟಲಿಯ ಲೇಬಲ್ ಓದಿ, ಡಾಕ್ಟರಿಗೆ ತೋರಿಸಿ.

ಕೊನೆಯ ಮುಟ್ಟಿನಿಂದ ಎಣಿಸಿದರೆ ಐದರಿಂದ ಹತ್ತನೇ ವಾರದೊಳಗೆ ಹೃದಯ, ಮುಖ, ಕೈಕಾಲು ರೂಪ ಪಡೆಯುತ್ತವೆ. ಎಷ್ಟೋ ಜನರಿಗೆ ಬಸುರು ಅಂತ ತಿಳಿಯುವುದೇ ಆರೇಳನೇ ವಾರಕ್ಕೆ. ಗೊತ್ತಿಲ್ಲದೆ ಕುಡಿದವರು ಎದೆ ಒಡೆದುಕೊಳ್ಳಬೇಕಿಲ್ಲ, ಕುಡಿದ ಎಲ್ಲರ ಮಕ್ಕಳಿಗೂ ತೊಂದರೆ ಆಗುವುದಿಲ್ಲ. ಅವತ್ತೇ ಬಿಟ್ಟರೆ ಲಾಭ ಇದ್ದೇ ಇದೆ, ಯಾಕೆಂದರೆ ಮಿದುಳು ಒಂಬತ್ತು ತಿಂಗಳೂ ಬೆಳೆಯುತ್ತಿರುತ್ತದೆ. ಅದೇ ಕಾರಣಕ್ಕೆ ‘ಕುಬಸ (ಸೀಮಂತ) ಆತಲ್ಲ, ಇನ್ನೇನ್ ಆಗಂಗಿಲ್ಲ’ ಅನ್ನುವುದು ತಪ್ಪು.

ಬಸುರಿನಲ್ಲಿ ಕುಡಿದದ್ದರಿಂದ ಮಗುವಿಗೆ ಆಗುವ ಈ ತೊಂದರೆಗೆ 1973ರಲ್ಲಿ ಅಮೆರಿಕದ ಸಿಯಾಟಲ್‌ನ ಜೋನ್ಸ್ ಮತ್ತು ಸ್ಮಿತ್ ಎಂಬ ವೈದ್ಯರು ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್ ಅಂತ ಹೆಸರಿಟ್ಟರು. ಫ್ರಾನ್ಸಿನ ಲೆಮ್ವಾನ್ 1968ರಲ್ಲೇ ಇಂಥ ಮಕ್ಕಳ ಬಗ್ಗೆ ಬರೆದಿದ್ದರು. ಮುಖದಲ್ಲಿ ನೋಡುವುದು ಮೂರು: ಮೂಗಿನ ಕೆಳಗಿನ ಗೆರೆ ಸಪಾಟಾಗಿರುವುದು, ಮೇಲ್ದುಟಿ ತೆಳ್ಳಗಿರುವುದು, ಕಣ್ಣಿನ ಸೀಳು ಗಿಡ್ಡ ಇರುವುದು. ತುಟಿಯನ್ನೂ ಗೆರೆಯನ್ನೂ 1ರಿಂದ 5ರ ಚಿತ್ರಪಟ್ಟಿಗೆ ಹೋಲಿಸಿ ನೋಡುತ್ತಾರೆ, 4 ಅಥವಾ 5 ಬಂದರೆ ಲೆಕ್ಕಕ್ಕೆ. ಆಗ ಮಗು ನಗುತ್ತಿರಬಾರದು. ನಕ್ಕರೆ ಯಾರ ತುಟಿಯಾದರೂ ತೆಳ್ಳಗಾಗುತ್ತದೆ, ಗೆರೆ ಮಾಯವಾಗುತ್ತದೆ. ಮೊಬೈಲಿನ ಹುಟ್ಟುಹಬ್ಬದ ಫೋಟೋ ನೋಡಿ ತೀರ್ಮಾನಿಸುವವರು ಎಡವುವುದು ಇಲ್ಲೇ. ತಲೆಯ ಸುತ್ತಳತೆಗೆ ಟೇಪು ಹುಬ್ಬಿನ ಮೇಲಿಂದ ಹಿಂದಲೆಯ ಉಬ್ಬಿನ ಮೇಲೆ ಹಾಯಬೇಕು, ಮೂರು ಸಲ ಅಳೆದು ದೊಡ್ಡದನ್ನು ಬರೆಯಬೇಕು.

ಆದರೆ ಬಹುಪಾಲು ಮಕ್ಕಳಿಗೆ ಈ ಮುಖವೇ ಇರುವುದಿಲ್ಲ. ಪೆಟ್ಟು ಬಿದ್ದಿರುವುದು ಮಿದುಳಿಗೆ. ಇದನ್ನು ಹಿಡಿಯುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನಿಂಗ್ ಆಗಲಿ ಇಲ್ಲ. ಮುಖದಲ್ಲಿ ಮೂರೂ ಗುರುತು ಒಟ್ಟಿಗೆ ಕಾಣದಿದ್ದರೆ, ತಾಯಿ ಕುಡಿದದ್ದು ಖಚಿತವಾಗದೆ ಈ ಹೆಸರು ಹಚ್ಚುವುದು ಡಾಕ್ಟರಿಗೆ ಆಗುವುದಿಲ್ಲ. ಆ ಒಂದು ಸಾಲಿನ ಬೆಲೆ ಗೊತ್ತಾಗುವುದು ಇಲ್ಲಿ.

ಇಂಥ ಹುಡುಗ ಮಾತಿನಲ್ಲಿ ಚುರುಕಾಗಿರಬಹುದು. ನಿನ್ನೆ ಬಂದ ಮಗ್ಗಿ ಇವತ್ತು ಬರುವುದಿಲ್ಲ. ಅಂಗಡಿಗೆ ಹೋದರೆ ಚಿಲ್ಲರೆ ಲೆಕ್ಕ ಹತ್ತುವುದಿಲ್ಲ. ಬೈಸಿಕೊಂಡ ತಪ್ಪನ್ನೇ ಮತ್ತೆ ಮಾಡುತ್ತಾನೆ. ಮಾತು ಚಂದ ಇರುವುದರಿಂದ ‘ಬೇಕಂತ ಮಾಡ್ತಾನ’ ಅಂತ ಏಟು ಬೀಳುತ್ತದೆ. ‘ಚೀಲ ತಗೋ, ಡಬ್ಬಿ ಇಟ್ಕೋ, ಚಪ್ಪಲಿ ಹಾಕ್ಕೋ’ ಅಂತ ಮೂರು ಮಾತು ಒಟ್ಟಿಗೆ ಹೇಳಿದರೆ ಮೊದಲನೆಯದೋ ಕೊನೆಯದೋ ಒಂದೇ ಉಳಿಯುತ್ತದೆ. ಒಂದು ಹೇಳಿ, ಆಗುವ ತನಕ ಕಾಯಿರಿ, ಆಮೇಲೆ ಇನ್ನೊಂದು. ದಿನಾ ಅದೇ ಶಬ್ದ, ಅದೇ ಕ್ರಮ ಇರಲಿ. ಶಾಲೆಗೆ, ಅಂಗನವಾಡಿಗೆ ಬಂದು ಮಕ್ಕಳ ಆರೋಗ್ಯ ತಪಾಸಣೆ ಮಾಡುವ ಸರ್ಕಾರಿ ಆರ್‌ಬಿಎಸ್‌ಕೆ ತಂಡಕ್ಕೆ ತೋರಿಸಿದರೆ ಮಕ್ಕಳ ಬೆಳವಣಿಗೆಯ ತೊಂದರೆಗೆ ಬೇಗ ಚಿಕಿತ್ಸೆ ಕೊಡುವ ಡಿಇಐಸಿ ಎಂಬ ಜಿಲ್ಲಾ ಕೇಂದ್ರಕ್ಕೆ ಕಳಿಸುತ್ತಾರೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೂ ಕರೆದೊಯ್ಯಬಹುದು.

ದಿನಾ ಜಾಸ್ತಿ ಕುಡಿಯುವ ಬಸುರಿಗೆ ‘ಇವತ್ತಿಂದ ಬಂದ್’ ಅಂತ ಮನೆಯಲ್ಲಿ ಕೂಡಿ ಹಾಕಬೇಡಿ. ಥಟ್ಟನೆ ಬಿಡಿಸಿದರೆ ಒಂದೆರಡು ದಿನದಲ್ಲೇ ಕೈನಡುಕ, ಬೆವರು, ಫಿಟ್ಸ್ ಬರಬಹುದು, ತಾಯಿ ಮಗು ಇಬ್ಬರಿಗೂ ಅಪಾಯ. ಆಸ್ಪತ್ರೆಗೆ ಸೇರಿಸಿಯೇ ಬಿಡಿಸಬೇಕು. ಗಂಡನಿಗೆ ಅಂತ ತಂದಿಟ್ಟ ಕುಡಿತ ಬಿಡಿಸುವ ಗುಳಿಗೆಯನ್ನು ಆಕೆಗೆ ಕೊಡಲೇಬಾರದು. ಫೋನಿನಲ್ಲಿ ಮಾತಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416 ಇದೆ.

ಇನ್ನು ಕೇಳುವ ರೀತಿ. ಅತ್ತೆ, ಗಂಡ ಪಕ್ಕದಲ್ಲಿ ಇದ್ದರೆ ಉತ್ತರ ಯಾವಾಗಲೂ ‘ಇಲ್ರಿ’. ತೂಕ ನೋಡುವ ನೆಪದಲ್ಲಿ ಒಬ್ಬಳನ್ನೇ ಒಳಗೆ ಕರೆಯಬೇಕು. ‘ನೀ ಕುಡೀತೀಯೇನು?’ ಅಂದರೆ ಬಾಗಿಲು ಮುಚ್ಚಿತು. ‘ಬಸರ ಅಂತ ಗೊತ್ತಾಗೂಕಿಂತ ಮೊದ್ಲ ವಾರದಾಗ ಎಷ್ಟ ಸಲ ತಗೋತಿದ್ರಿ ಯಕ್ಕಾ? ಎಲ್ಲಾರ್ಗೂ ಕೇಳ್ತೀವಿ’ ಅಂದರೆ ಮಾತು ಹೊರಡುತ್ತದೆ. ಬಂದದ್ದನ್ನು ‘ಕುಡಿತದ ಚಟ’ ಅಂತ ಷರಾ ಬರೆಯದೆ ಅಳತೆಯಲ್ಲೇ ಬರೆಯಿರಿ: ‘7ನೇ ವಾರದ ತನಕ ವಾರಕ್ಕೆ 2 ಸಲ, ಸಲಕ್ಕೆ 90 ಎಂಎಲ್ ವಿಸ್ಕಿ, ಆಮೇಲೆ ಬಿಟ್ಟಿದ್ದಾರೆ.’ ಹೆರಿಗೆಯಾದ ಮೇಲೆ ಆ ಪುಟದ ಝೆರಾಕ್ಸ್ ಒಂದು ಮಗುವಿನ ಲಸಿಕೆ ಕಾರ್ಡಿನ ಜೊತೆ ಟ್ರಂಕಿನಲ್ಲಿ ಇರಲಿ.