ಹಳೇ ವಿಸಿಆರ್, ಹೊಸ ಟಿವಿ: ಮೊದಲು ಹಿಂಭಾಗದ ಫೋಟೊ ಕಳಿಸಿ

ಮೈಸೂರಲ್ಲಿ ನನ್ನದು ಟಿವಿ ಸರ್ವಿಸ್ ಕೆಲಸ. ಹೊಸ ಟಿವಿ ಗೋಡೆಗೆ ಹಾಕಿಕೊಡೋದೇ ಹೆಚ್ಚು. ನಡುವೆ ಸರಸ್ವತಿಪುರಂ, ಕುವೆಂಪುನಗರದ ಕಡೆಯಿಂದ ಬೇರೆ ಥರದ ಫೋನೂ ಬರುತ್ತೆ: ಅಟ್ಟದಿಂದ ವಿಸಿಆರ್ ಇಳಿಸಿದ್ದೀವಿ, ಮದುವೆ ಕ್ಯಾಸೆಟ್ ನೋಡಬೇಕು, ಟಿವೀಲಿ ಏನೂ ಬರ್ತಿಲ್ಲ. ಮಗ ಅಮೆರಿಕದಿಂದ ಬಂದಿರ್ತಾನೆ, ಇವತ್ತೇ ಆಗಬೇಕು.

ಇಂಥ ಕೆಲಸಕ್ಕೆ ಹೊರಡೋ ಮುಂಚೆ ಎರಡು ಫೋಟೊ ಕೇಳ್ತೀನಿ, ವಿಸಿಆರ್ ಹಿಂಭಾಗದ್ದು, ಟಿವಿ ಹಿಂಭಾಗದ್ದು. ವಿಸಿಆರ್‌ನಲ್ಲಿ ಹಳದಿ, ಬಿಳಿ, ಕೆಂಪು ಪಿನ್ ಹಾಕೋ ಜಾಗ ಇರುತ್ತೆ. ಹಳದಿ ಚಿತ್ರಕ್ಕೆ, ಉಳಿದೆರಡು ಸೌಂಡಿಗೆ. ಹೊಸ ಟಿವಿಯಲ್ಲಿ ಆ ಮೂರು ಬಣ್ಣ ಕಾಣದಿದ್ದರೆ ಜನ ಹಳೇ ವೈರನ್ನ ಹೊಸ ತೂತಿಗೆ ಹೊಂದಿಸೋ ಕನ್ವರ್ಟರ್ ಡಬ್ಬಿ ತರೋಕೆ ಓಡ್ತಾರೆ. ಸ್ವಲ್ಪ ನಿಲ್ಲಿ. ಹೆಡ್‌ಫೋನ್ ತೂತಿನಂಥ ಒಂದೇ ತೂತಿನ ಪಕ್ಕ ‘ಎವಿ ಇನ್’ ಅಂತ ಬರೆದಿದ್ದರೆ ಅದೇ ಸಾಕು. ಅದಕ್ಕೆ ಬೇಕಾದ ಗೇಣುದ್ದದ ವೈರ್ ಎಷ್ಟೋ ಸಲ ಟಿವಿ ಡಬ್ಬದಲ್ಲೇ ಬಿದ್ದಿರುತ್ತೆ. ಹಳೇ ಕ್ಯಾಮೆರಾದ ವೈರೂ ನೋಡೋಕೆ ಹಾಗೇ ಇರುತ್ತೆ, ಆದರೆ ಒಳಗಿನ ಜೋಡಣೆ ಬೇರೆ ಇರಬಹುದು. ಆಗ ಚಿತ್ರ ಬರಲ್ಲ, ಸ್ಪೀಕರಲ್ಲಿ ಗುಂಯ್ ಅನ್ನುತ್ತೆ. ಹಳದಿ ಜಾಗಕ್ಕೆ ಕೆಂಪು ಪಿನ್ ಬದಲಿಸಿ ನೋಡಿ, ಕೆಲವೊಮ್ಮೆ ಅಷ್ಟಕ್ಕೇ ಚಿತ್ರ ಬಂದುಬಿಡುತ್ತೆ.

ಇನ್ನು ಕೆಲವು ಟಿವಿಗಳಲ್ಲಿ ಹಳದಿಯೂ, ಚಿತ್ರವನ್ನ ಮೂರು ವೈರಲ್ಲಿ ತರೋ ‘ಕಾಂಪೊನೆಂಟ್’ ಜೋಡಣೆಯ ಹಸಿರೂ ಒಂದೇ ತೂತು. ಸೋರ್ಸ್ ಪಟ್ಟಿಯಲ್ಲಿ ‘ಕಾಂಪೊನೆಂಟ್’ ಆರಿಸಿದ್ದರೆ ಚಿತ್ರ ಕಪ್ಪುಬಿಳುಪಾಗುತ್ತೆ. ‘ಎವಿ’ ಆರಿಸಿ, ಬಣ್ಣ ಬರುತ್ತೆ. ವಿಸಿಆರ್ ಕೆಟ್ಟಿರಲ್ಲ.

ಚಿತ್ರ, ಸೌಂಡು ಎರಡನ್ನೂ ಒಂದೇ ವೈರಲ್ಲಿ ತರೋ ಎಚ್‌ಡಿಎಂಐ ಬಿಟ್ಟು ಬೇರೇನೂ ಇಲ್ಲದ ಟಿವಿ ಆದರೆ ಕನ್ವರ್ಟರ್ ಬೇಕೇ ಬೇಕು. ಇಲ್ಲೇ ಹೆಚ್ಚು ದುಡ್ಡು ಹಾಳಾಗೋದು. ನಿವೃತ್ತ ಮೇಷ್ಟ್ರೊಬ್ಬರು ಡಬ್ಬಿ ಕೈಗಿಟ್ಟು, “ಅಂಗಡಿಯವನು ಇದೇ ಸರಿ ಅಂದನಲ್ಲಪ್ಪ” ಅಂದರು.

“ಸಾರ್, ಇದು ಹೊಸ ಸೆಟ್‌ಟಾಪ್ ಬಾಕ್ಸನ್ನ ಹಳೇ ಟಿವಿಗೆ ಹಾಕೋದಕ್ಕೆ. ನಿಮಗೆ ಬೇಕಿರೋದು ಇದರ ಉಲ್ಟಾ.”

ಎರಡೂ ಡಬ್ಬಿ ಒಂದೇ ಅಳತೆ, ಒಂದೇ ಬಣ್ಣ. ಮೇಲಿನ ಅಕ್ಷರದಲ್ಲಷ್ಟೇ ವ್ಯತ್ಯಾಸ. ‘ಎವಿ ಟು ಎಚ್‌ಡಿಎಂಐ’ ಅಂತಲೇ ಇರಬೇಕು. ಅದಕ್ಕೆ ಯುಎಸ್‌ಬಿಯಿಂದ 5 ವೋಲ್ಟ್ ಕರೆಂಟೂ ಕೊಡಬೇಕು, ಫೋನ್ ಚಾರ್ಜರ್ ನಡೆಯುತ್ತೆ.

ಚಿತ್ರ ಬಂದ ಮೇಲೆ ಶುರುವಾಗೋದು ನಿಜವಾದ ತಕರಾರು. “ಆವಾಗ ಎಷ್ಟು ಚೆನ್ನಾಗಿತ್ತು, ಈಗ ಯಾಕೆ ಹಿಂಗೆ?” ನಮ್ಮ ದೇಶದ ಹಳೇ ಟಿವಿಗಳ ಪ್ಯಾಲ್ ಪದ್ಧತಿಯ ಚಿತ್ರದಲ್ಲಿ ಕಣ್ಣಿಗೆ ಕಾಣೋ ಗೆರೆ 576, 4ಕೆ ಟಿವಿಯಲ್ಲಿ 2160. ವಿಎಚ್‌ಎಸ್ ಕ್ಯಾಸೆಟ್ಟಿನ ವಿವರ ಮೊದಲೇ ಕಮ್ಮಿ, ಅದನ್ನ 55 ಇಂಚಿಗೆ ಎಳೆದರೆ ಮಸುಕಾಗದೆ ಇನ್ನೇನು? ಜೊತೆಗೆ ಹಳೇ ಟಿವಿಯ 4:3 ಅಳತೆಯ (ಅಗಲ 4 ಪಾಲು, ಎತ್ತರ 3 ಪಾಲು) ಚಿತ್ರವನ್ನ ಟಿವಿ ಅಗಲಕ್ಕೂ ಹಿಗ್ಗಿಸಿ ಮದುಮಗಳ ಮುಖ ಊದಿಸಿಬಿಡುತ್ತೆ. 4:3ಕ್ಕೆ ಹಾಕಿ ಶಾರ್ಪ್‌ನೆಸ್ ಇಳಿಸ್ತೀನಿ, ಅರ್ಧ ಜಗಳ ಅಲ್ಲಿಗೇ ಮುಗಿಯುತ್ತೆ. ಎರಡೂ ಕಡೆ ಕಪ್ಪು ಪಟ್ಟಿ ಯಾಕೆ ಅಂತ ಇನ್ನರ್ಧ! ಚಿತ್ರದ ಕೆಳತುದಿಯಲ್ಲಿ ನಡುಗೋ ಗೆರೆಯೂ ದೋಷವಲ್ಲ. ವಿಸಿಆರ್ ಟೇಪಿನಿಂದ ಚಿತ್ರ ಓದೋ ಒಂದು ಹೆಡ್‌ನಿಂದ ಇನ್ನೊಂದಕ್ಕೆ ಬದಲಾಗುವ ಗುರುತು ಅದು. ಡಬ್ಬಾ ಟಿವಿ ಚಿತ್ರದ ಅಂಚನ್ನ ಪರದೆಯಾಚೆ ತಳ್ಳುತ್ತಿದ್ದರಿಂದ ಯಾರಿಗೂ ಕಂಡಿರಲಿಲ್ಲ.

ಕ್ಯಾಸೆಟ್ ಹಾಕೋ ಮುಂಚೆ ಅದರ ಕಿಟಕಿಯಲ್ಲಿ ಸುರುಳಿ ನೋಡಿ. ಬಿಳಿ ಬೂಷ್ಟು ಕಂಡರೆ ಖಂಡಿತ ಹಾಕಬೇಡಿ. ಹೆಡ್‌ಗೆ ಮೆತ್ತಿಕೊಂಡು ಮುಂದಿನ ಕ್ಯಾಸೆಟ್ಟಿಗೂ ಹರಡುತ್ತೆ. ವಿಸಿಆರ್ ತಯಾರಿಸುತ್ತಿದ್ದ ಜಪಾನಿನ ಫುನೈ ಕಂಪನಿಯೂ 2016ರ ಜುಲೈನಲ್ಲಿ ನಿಲ್ಲಿಸಿತು, ಹೊಸ ಹೆಡ್ ಹುಡುಕೋದು ಕಷ್ಟ. ಕ್ಯಾಸೆಟ್ ಚೆನ್ನಾಗಿದ್ದರೆ ಮೊದಲ ಸಲ ಹಾಕುವಾಗಲೇ ಕಂಪ್ಯೂಟರಿಗೆ ರೆಕಾರ್ಡ್ ಮಾಡಿಸಿಕೊಳ್ಳಿ. ಅದಕ್ಕೆ ಯುಎಸ್‌ಬಿ ಕ್ಯಾಪ್ಚರ್ ಡಬ್ಬಿ ಬೇರೆ ಬೇಕು, ಫೋನಲ್ಲೇ ಹೇಳಿದರೆ ತರ್ತೀನಿ.