ಕನ್ನಡಕ್ಕೆ ಕೆಂಪು ಗೆರೆ

ನಮ್ಮ ಪುಟ್ಟ ಬರವಣಿಗೆ ಆ್ಯಪ್‌ಗೆ ಈ ವಾರ ಸ್ಪೆಲ್ ಚೆಕರ್ ಸೇರಿಸಿದೆ. ಹನ್‌ಸ್ಪೆಲ್, ಪೂರ್ತಿ ಉಚಿತ. ಲಿಬ್ರೆಆಫೀಸ್, ಫೈರ್‌ಫಾಕ್ಸ್, ಕ್ರೋಮ್‌ಗಳಲ್ಲಿ ಇರುವುದೂ ಇದೇ. ಜೋಡಿಸುವುದು ದೊಡ್ಡ ಕೆಲಸವೇನಲ್ಲ. ಲೈಬ್ರರಿ (ಸಿದ್ಧ ಕೋಡ್‌ನ ಕಟ್ಟು) ಹಾಕಿ, ಎರಡು ಫೈಲ್ ತೋರಿಸಿದರೆ ಆಯ್ತು. ಒಂದರಲ್ಲಿ ಮೂಲ ಪದಗಳು, ಇನ್ನೊಂದರಲ್ಲಿ ಪ್ರತ್ಯಯ ಹಚ್ಚುವ ನಿಯಮಗಳು.

ಇಂಗ್ಲಿಷ್ ಸಲೀಸಾಗಿ ಓಡಿತು. ಮಜಾ ಇರುವುದು ಕನ್ನಡದಲ್ಲಿ. 'ಮನೆ' ಗೊತ್ತು, 'ಮನೆಯಲ್ಲಿ' ಗೊತ್ತು. 'ಮನೆಯಲ್ಲಿದ್ದವರಿಗೂ' ಅಂದ ತಕ್ಷಣ ಕೆಂಪು ಗೆರೆ! ಎಲ್ಲ ರೂಪಗಳನ್ನೂ ಪಟ್ಟಿಗೆ ಹಾಕುತ್ತಾ ಕೂತರೆ ಈ ಜನ್ಮದಲ್ಲಿ ಮುಗಿಯಲ್ಲ. ನಿಯಮಗಳೇ ಬೇಕು.

ಅಂದಹಾಗೆ, ಹನ್‌ಸ್ಪೆಲ್ ಹುಟ್ಟಿದ್ದು ಹಂಗೇರಿಯನ್ ಭಾಷೆಗಾಗಿ. ಅದೂ ಪ್ರತ್ಯಯದ ಮೇಲೆ ಪ್ರತ್ಯಯ ಪೇರಿಸುವ ಭಾಷೆ. ಹಂಗೇರಿಯ ಲಾಸ್ಲೋ ನೇಮೆತ್ ತಮ್ಮವರ ಕಷ್ಟಕ್ಕೆ ಬರೆದದ್ದು ನಮಗೂ ದಕ್ಕಿತು. ಸುಮ್ನೆ ಕೊಟ್ಟುಬಿಟ್ಟರೆ ಹೀಗೆ ಎಲ್ಲೆಲ್ಲಿಗೋ ತಲುಪುತ್ತದೆ, ಅಲ್ವಾ? ಆದರೆ ಹನ್‌ಸ್ಪೆಲ್ ಪದದ ಬಾಲದ ಕಡೆಯಿಂದ ಪ್ರತ್ಯಯ ಬಿಡಿಸುವುದು ಎರಡೇ ಹಂತ. ನಮ್ಮದು ನಾಲ್ಕೈದು ಹಂತ ಹೋಗುತ್ತದೆ, ಜೊತೆಗೆ ಸಂಧಿ ಬೇರೆ. ಹಾಗಾಗಿ ಹಲವು ಪ್ರತ್ಯಯಗಳನ್ನು ಮೊದಲೇ ಅಂಟಿಸಿ ಒಂದೇ ನಿಯಮ ಮಾಡುತ್ತಿದ್ದೇನೆ.

ಸದ್ಯಕ್ಕೆ 'ಪದಕೋಶಕ್ಕೆ ಸೇರಿಸಿ' ಬಟನ್ ಸ್ವಲ್ಪ ಜಾಸ್ತಿನೇ ದೊಡ್ಡದಾಗಿ ಇಟ್ಟಿದ್ದೇನೆ.